ಅಂಗಿಯ ತೂತುಗಳು

ನಿಜಾಮಶಾಹಿ ಹೋದ ಹೊಸತು. ನನ್ನ ಗಂಡ ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಬಸ್ಸು ಓಡಿಸುತ್ತಿದ್ದರು. ಆ ವರ್ಷ ಅವರಿಗೆ ಕೆಮ್ಮು ಹತ್ತಿಕೊಂಡಿತು. ವೈದ್ಯರು ಬೀಡಿ ಬಿಡಬೇಕೆಂದರು. ಇವರು ಕೊರಳಲ್ಲಿನ ಲಿಂಗ ಹಿಡಿದು ನನ್ನೆದುರೇ ಆಣೆ ಮಾಡಿ ಬಿಟ್ಟರು. ನಾನು ಹಿರಿಹಿರಿ ಹಿಗ್ಗಿದೆ.

ಎರಡು ತಿಂಗಳಾಗಿರಬೇಕು. ಅವರ ಖಾಕಿ ಅಂಗಿಯ ತೋಳಿನಲ್ಲಿ, ಪ್ಯಾಂಟಿನ ಮೊಣಕಾಲಿನ ಮೇಲೆ ಸಣ್ಣ ಸಣ್ಣ ತೂತುಗಳು. ಒಗೆದಾಗಲೆಲ್ಲ ಎರಡು ಹೆಚ್ಚು. ಬೀಡಿಯ ಕಿಡಿಯಲ್ಲದೆ ಮತ್ತೇನು? ಕೆಮ್ಮೂ ಹಾಗೇ ಇತ್ತು. ನನಗೆ ಮೈಯೆಲ್ಲ ಉರಿಯಿತು.

"ಲಿಂಗ ಮುಟ್ಟಿ ಸುಳ್ಳು ಹೇಳ್ತೀರಲ್ರಿ, ನಾಚ್ಕಿ ಬರಂಗಿಲ್ಲೇನು?"

"ಸೇದಿಲ್ಲ. ಆಣಿ ಮಾಡೀನಿ, ಸೇದಿಲ್ಲ."

"ಹಂಗಾರ ಈ ತೂತು ಇಲಿ ಕೊರದಾವೇನು?"

ತೂತು ಹೇಗಾದವೆಂದು ಅವರಿಗೂ ಗೊತ್ತಿರಲಿಲ್ಲ. ಮೂರು ವಾರ ನಾನು ರೊಟ್ಟಿ ಬಡಿದು ತಟ್ಟೆಗೆ ಹಾಕಿದೆನೇ ಹೊರತು ಎದುರು ಕೂತು ಮಾತಾಡಲಿಲ್ಲ. ಆ ಹಟ ನನಗೆ ರುಚಿಯಾಗಿಯೂ ಇತ್ತು, ಸುಳ್ಳೇಕೆ ಹೇಳಲಿ.

ಅದೇ ದಿನಗಳಲ್ಲಿ ಬಸ್ಸಿಗೂ ಏನೋ ಆಗಿತ್ತಂತೆ. ಸಂಜೆ ಮರಳುವಾಗ ಗಾಡಿ ಜೋರು ಓಡಿದರೆ ದೀಪಗಳು ಕಣ್ಣು ಕುಕ್ಕುತ್ತಿದ್ದವು. ಸರ್ಕಾರ ಬದಲಾಗಿ ದೀಪಕ್ಕೂ ಕಳೆ ಬಂತೆಂದು ಜನ ಖುಷಿಪಡುತ್ತಿದ್ದರಂತೆ. ಎರಡು ದಿನಕ್ಕೆ ಬಲ್ಬು ಸುಟ್ಟುಹೋಗುತ್ತಿತ್ತು, ಹೊಸದು ಹಾಕಿದರೆ ಅದೂ. ಮುಂಜಾನೆ ಬ್ಯಾಟರಿಗೆ ತುಂಬಿದ ನೀರು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಬಿಸಿಲಿನ ಕಾಟವೆಂದುಕೊಂಡು ಇವರು ಊರೂರಿಗೆ ಮುಚ್ಚಳ ತೆಗೆದು, ಬಗ್ಗಿ ನೀರು ಹಾಕುತ್ತಿದ್ದರು. ನನಗೆ ಇದೆಲ್ಲ ತಿಳಿದದ್ದು ಆಮೇಲೆ.

ಒಂದು ದಿನ ಯಾದಗಿರಿಯಾಚೆ ಹತ್ತಿಕುಣಿಯ ತವರಿಗೆ ಹೋಗಲು ಅದೇ ಬಸ್ಸು ಹತ್ತಿದೆ. ಯಾದಗಿರಿ ಮುಟ್ಟುವಷ್ಟರಲ್ಲಿ ಇವರ ಸೀಟಿನ ಕೆಳಗಿಂದ ಮೂಗು ಚುಚ್ಚುವ ಘಾಟು ಎದ್ದಿತು. ಮೆಕ್ಯಾನಿಕ್ ಬಂದು ಹಲಗೆ ಎತ್ತಿದ. ಬ್ಯಾಟರಿ ಕೊತಕೊತ ಕುದಿಯುತ್ತಿತ್ತು.

"ರೆಗ್ಯುಲೇಟರ್ ಖರಾಬ್ ಆಗ್ಯಾದ್ರಿ ಡ್ರೈವರ್ ಸಾಬ್. ಡೈನಮೋದ ಕರೆಂಟು ಹದ್ದಿನಾಗ ಇಡೂದು ಅದರ ಕೆಲಸ. ಅದು ಕೈಬಿಟ್ಟದ, ಅದಕ್ಕ ಬ್ಯಾಟರಿ ಕುದ್ದು ತೇಜಾಬು, ಅದರೊಳಗಿನ ಆಸಿಡ್ಡು, ಸಿಡ್ಯಾಕತ್ತದ. ನೋಡ್ರಿ, ನಿಮ್ಮ ಅರಿವಿ ಎಲ್ಲಾ ತಿಂದದ. ಈ ಘಾಟಿಗಿ ಕೆಮ್ಮೂ ಬಿಡಂಗಿಲ್ಲ."

"ಬೀಡಿ ಕಿಡಿ ಅಲ್ಲೇನ್ರಿ ಅದು?" ನಾನು ಕೇಳಿಯೇಬಿಟ್ಟೆ.

"ಎಲ್ಲಿ ಬೀಡಿ, ಅಕ್ಕಾರ! ಬೀಡಿ ಸುಟ್ರ ಅಂಚು ಕರ್ರಗ ಆಗ್ತದ. ಇದು ತೇಜಾಬು ಬಿದ್ದದ್ದು, ನೀರಾಗ ಹಾಕಿ ತಿಕ್ಕಿದ್ರ ಉದುರಿ ಹೋಗ್ತದ."

ಹೌದು, ಒಂದು ತೂತಿಗೂ ಕಪ್ಪು ಅಂಚಿರಲಿಲ್ಲ. ಒಗೆದವಳು ನಾನು, ಕೂತು ಹೊಲಿದವಳೂ ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೆಕ್ಯಾನಿಕ್ ಬೋಲ್ಟು ಬಿಚ್ಚುವ ಪಾನಾ ತರಲು ಆಚೆ ಹೋದ ಮೇಲೆ ಇವರ ಹತ್ತಿರ ಹೋದೆ.

"ತಪ್ಪಾತ್ರಿ. ಈಗ ನಂಬಿಕಿ ಬಂತು," ಎಂದೆ.

ಇವರು ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವನ ಹೆಸರೂ ಗೊತ್ತಿಲ್ಲ ನಿನಗ. ಒಂದ ಮಾತಿಗಿ ನಂಬಿದಿ. ನಾ ಲಿಂಗ ಹಿಡ್ಕೊಂಡು ಹೇಳಿದ್ನಲ್ಲ."