ಟೊಪ್ಪಿಯ ಎದುರು ಇಳಿದ ಮುಂಡು

ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ನನ್ನ ತಂಗಿಯ ಮಗಳು ಕಳೆದ ವರ್ಷ ಒಂದು ಪ್ರಯೋಗಕ್ಕೆ ನನ್ನನ್ನು ಹಿಡಿದು ಹಾಕಿದಳು. ನಮ್ಮ ಪೆರ್ಲ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಚಾಕ್‌ನಿಂದ ಗೆರೆ ಎಳೆದು, ಅದರ ಹಿಂದೆ ನಿಲ್ಲಿ ಎಂದು ನಾನು ಜನರಿಗೆ ಹೇಳಬೇಕು, ಅಷ್ಟೆ. ಮಾಮೂಲಿ ಅಂಗಿಯಲ್ಲಿ ಹೇಳಿದಾಗ, "ಎಂತಕ್ಕೆ? ನಿಮಗೆಂತ ಮರ್ಲು ಉಂಟಾ?" ಎಂದರು. ಆಮೇಲೆ ಅವಳು ಸೆಕ್ಯುರಿಟಿಯವರ ನೀಲಿ ಅಂಗಿ, ಪ್ಯಾಂಟು, ಟೊಪ್ಪಿ, ವಿಸಿಲ್ ಕೊಟ್ಟಳು. ಈಗ ಎಲ್ಲರೂ ಗೆರೆಯ ಹಿಂದೆ ಸಾಲಾಗಿ ನಿಂತರು. ನನ್ನ ಸ್ವರವೂ ಎಲ್ಲಿಂದಲೋ ದಪ್ಪವಾಗಿತ್ತು.

ಬೆನ್ನು ಹಾಕಿ ನಿಂತಿದ್ದ ವಯಸ್ಸಾದವರೊಬ್ಬರಿಗೆ ವಿಸಿಲ್ ಊದಿ, "ಹೇ ಅಜ್ಜ, ಗೆರೆಯ ಹಿಂದೆ!" ಎಂದು ಗದರಿದೆ. ಅವರು ಗಡಬಡಿಸಿ ಹಿಂದೆ ಸರಿದು, ಪಂಚೆಯಂತೆ ಉಟ್ಟು ಸೊಂಟಕ್ಕೆ ಮಡಚಿ ಕಟ್ಟಿದ್ದ ಮುಂಡನ್ನು ಮರ್ಯಾದೆಯಿಂದ ಕೆಳಗಿಳಿಸಿ ನಿಂತರು. ಮುಖ ನೋಡಿದೆ. ನಮ್ಮ ಹೈಸ್ಕೂಲಿನ ಲೆಕ್ಕದ ಮಾಷ್ಟ್ರು!

ಆ ಕಾಲದಲ್ಲಿ ತಿರುವಿನಾಚೆ ಅವರ ಸೈಕಲ್ ಬೆಲ್ಲು ಕೇಳಿದರೆ ಸಾಕು, ದಾರಿಯಲ್ಲಿದ್ದ ನಮ್ಮದು ಮಾತ್ರವಲ್ಲ, ನಮ್ಮ ಅಪ್ಪಂದಿರ ಮುಂಡೂ ತನ್ನಷ್ಟಕ್ಕೆ ಇಳಿಯುತ್ತಿತ್ತು. ಅವರ ಮುಂಡು ಇನ್ನೊಬ್ಬರ ಎದುರು ಇಳಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಟೊಪ್ಪಿ ತೆಗೆದು, "ಮಾಷ್ಟ್ರೆ, ನಾನು, ನಿಮ್ಮ ಶಿಷ್ಯ. ಇದು ಬರೀ ವೇಷ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಂಡನ್ನು ಮತ್ತೆ ಮೇಲೆತ್ತಿ ಕಟ್ಟಿಕೊಂಡರು. "ಗೆರೆ ಓರೆ ಉಂಟು. ಅಳಿಸಿ ಸರಿಯಾಗಿ ಎಳೆ" ಎಂದರು.

ಮುಂಡು ಇಳಿಸಲಿಕ್ಕೆಂದು ನನ್ನ ಕೈ ಸೊಂಟಕ್ಕೆ ಹೋಯಿತು. ಹಾಕಿದ್ದು ಪ್ಯಾಂಟು ಎಂದು ಗೊತ್ತಾದದ್ದು ಆಮೇಲೆ.