ಡಾಲಿಬಾಯಿ ಬಿಚ್ಚಿದ ಬೆಳ್ಳಿ ಸರ

ಗಲ್ಫಿನ ಅಲ್ ಮಬೇಲಾದ ನಮ್ಮ ಬಿಲ್ಡಿಂಗಿನಲ್ಲಿ ಮಗು ಅಳುವ ಸದ್ದು ಕೇಳಿದರೆ ಅದು ಡಾಲಿಬಾಯಿಯ ಮನೆಯಿಂದಲೇ. ಮಂಗಳೂರಿನ ಕೊಂಕಣಿ ಹೆಂಗಸು. ಗಂಡ ಲಿಗೋರಿ ಅಲ್ ಖುವೈರಿನ ಆಫೀಸಿಗೆ ಹೊರಟ ಮೇಲೆ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುತ್ತಾಳೆ. ಯಾವ ದೇಶದ ಮಗುವಾದರೂ ವಾರಕ್ಕೊಮ್ಮೆ ತೆಂಗಿನೆಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲೇಬೇಕು, ಅದು ಅವಳ ಕಾನೂನು. ಬೇಡವೆಂದ ತಾಯಿಗೆ ಬೈಗುಳ ಗ್ಯಾರಂಟಿ. ಎದುರು ಮನೆಯ ಕುಸುಮಳಾದ ನನಗೆ ಇದೆಲ್ಲ ಪುಕ್ಕಟೆ ಮನರಂಜನೆ.

ಕಳೆದ ವರ್ಷ ಅಂಬೆಗಾಲಿಡುವ ಲಿಯನ್ ಬಂದಳು. ತಾಯಿ ಯಾಂಗ್ ಮೇ ಬರ್ಕಾದ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚೀನಾದ ಗುಡ್ಡಗಾಡಿನ ಮಿಯಾವ್ ಬುಡಕಟ್ಟಿನವಳು. ಮಗುವಿನ ಕೊರಳಲ್ಲಿ ಬೆಳ್ಳಿ ಸರ, ಅದಕ್ಕೆ ಬೀಗದ ಆಕಾರದ ಪದಕ, ಪದಕದ ಮೇಲೊಂದು ಚಿಟ್ಟೆ. ಲಿಯನ್ ಬಂದ ಮೇಲೆ ಡಾಲಿಬಾಯಿಗೆ ಉಳಿದ ಮಕ್ಕಳು ಕಾಣಿಸುತ್ತಲೇ ಇರಲಿಲ್ಲ.

ನಮ್ಮ ಕಡೆ ಎಣ್ಣೆ ಹಚ್ಚುವ ಮೊದಲು ಮಗುವಿನ ಮೈಮೇಲಿನ ಒಡವೆಯನ್ನೆಲ್ಲ ತೆಗೆದಿಡುತ್ತಾರೆ. ಲಿಯನ್‌ಳ ಮೊದಲ ಎಣ್ಣೆಸ್ನಾನದ ದಿನ ಡಾಲಿಬಾಯಿಯೂ ಸರ ಬಿಚ್ಚಿದಳು. ಸೀಗೆಪುಡಿ ಹಾಕಿ ಪಳಪಳ ತೊಳೆದು ಮಾತೆ ಮರಿಯಳ ಚಿತ್ರದ ಮುಂದಿಟ್ಟು, ಶಾಭಾಸ್‌ಗಿರಿಗೆ ಕಾದಳು.

ಸಂಜೆ ಬಂದ ಯಾಂಗ್ ಮೇ ಮಗುವಿನ ಬರಿಗೊರಳು ನೋಡಿ ಬಿಳಿಚಿಕೊಂಡಳು. ಮಗುವಿನ ಆತ್ಮ ಮೈಬಿಟ್ಟು ಅಲೆಯದಂತೆ ಹಿಡಿದಿಡುವುದೇ ಆ ಬೀಗವಂತೆ. ಅಜ್ಜಿ ಹಾಕಿದ್ದು, ದೊಡ್ಡವಳಾಗುವವರೆಗೆ ಬಿಚ್ಚುವಂತಿಲ್ಲ. ಇಷ್ಟನ್ನು ಹರಕು ಹಿಂದಿಯಲ್ಲಿ ಹೇಳಿ, ಸರವನ್ನೂ ಮಗುವನ್ನೂ ಎತ್ತಿಕೊಂಡು ಹೋದಳು. ಮರುದಿನ ಮಗು ಬರಲಿಲ್ಲ. ಅದರ ಮರುದಿನವೂ ಇಲ್ಲ.

"ನಾನು ಚೆಂದ ಮಾಡ್ಲಿಕ್ಕೆ ಹೋದದ್ದಲ್ವಾ ಮಾರಾಯ್ತಿ? ಇನ್ನು ಆ ಮಗು ನನ್ನ ಹತ್ರ ಬರೂದಿಲ್ಲ. ಖಲಾಸ್" ಎಂದಳು ಡಾಲಿಬಾಯಿ. ನಾನು ಕೊಟ್ಟ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನೂ ಮುಟ್ಟಲಿಲ್ಲ. ಆಗ ನನಗೂ ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಯಾಂಗ್ ಮೇ ತಾನಾಗಿಯೇ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಅಕ್ಕಿಯ ಬಟ್ಟಲು, ಅದರ ನಡುವೆ ಬೇಯಿಸಿದ ಮೊಟ್ಟೆ. ಆತ್ಮ ತಪ್ಪಿಸಿಕೊಂಡದ್ದು ಈ ಮನೆಯಲ್ಲಿ, ಹಾಗಾಗಿ ಇಲ್ಲಿಂದಲೇ ವಾಪಸು ಕರೆಯಬೇಕು ಎಂದಳು. ಹೊಸ್ತಿಲಲ್ಲಿ ಊದುಬತ್ತಿ ಹಚ್ಚಿ, ಮೆಟ್ಟಿಲ ಕಡೆ ಮುಖ ಮಾಡಿ ತನ್ನ ಭಾಷೆಯಲ್ಲಿ ಹಾಡಿನಂತೆ ಕರೆದಳು. ಲಿಯನ್ ಮಾತ್ರ ತಿರುಗಿಯೂ ನೋಡದೆ ನನ್ನ ಚಪ್ಪಲಿ ಚೀಪುತ್ತಿದ್ದಳು. ತಾಯಿ ಇನ್ನೊಮ್ಮೆ ಕರೆದು ನಿಲ್ಲಿಸಿದಳು.

"ದಿನವಿಡೀ ಕೇಳುವುದು ನಿನ್ನ ದನಿ. ನೀನೇ ಕರೆ" ಎಂದಳು ಡಾಲಿಬಾಯಿಗೆ.

"ನಾನಾ? ಪಾದ್ರಿಗಳಿಗೆ ಗೊತ್ತಾದ್ರೆ ನನ್ನ ಕತೆ ಎಂತ?" ಎನ್ನುತ್ತಲೇ ಡಾಲಿಬಾಯಿ ಶಿಲುಬೆಯ ಗುರುತು ಮಾಡಿಕೊಂಡು, ಇಡೀ ಬಿಲ್ಡಿಂಗ್ ಬೆಚ್ಚುವಂತೆ ಕೂಗಿದಳು: "ಯೇ ಬಾಯ್, ಘರಾ ಯೇ!" ಬಾ ಮಗಳೇ, ಮನೆಗೆ ಬಾ.

ಲಿಯನ್ ಚಪ್ಪಲಿ ಬಿಟ್ಟು, ಕೇಕೆ ಹಾಕುತ್ತ ಹರಿದು ಬಂದು ಅವಳ ನೈಟಿ ಹಿಡಿದಳು. ಯಾಂಗ್ ಮೇ ನಕ್ಕೇಬಿಟ್ಟಳು. ಸರ ಕೊರಳಿಗೆ ಹಾಕಿ, ಅದರ ಕೊಕ್ಕೆಯನ್ನು ಡಾಲಿಬಾಯಿಯ ಕೈಯಿಂದಲೇ ಹಾಕಿಸಿದಳು.

ಆಮೇಲೆ ಮೊಟ್ಟೆ ಸುಲಿದು ಮಗುವಿನ ಬಾಯಿಗೊಂದು ಚೂರಿಟ್ಟಳು. ನಾನೂ ಕೈಯೊಡ್ಡಿದೆ.

"ಇದು ಮನೆಯವರಿಗೆ ಮಾತ್ರ" ಎಂದು ಯಾಂಗ್ ಮೇ ನನ್ನ ಕೈ ಸರಿಸಿ, ಉಳಿದದ್ದರಲ್ಲಿ ಅರ್ಧವನ್ನು ಡಾಲಿಬಾಯಿಯ ಅಂಗೈಗೆ ಹಾಕಿದಳು.

ಡಾಲಿಬಾಯಿ ಅದನ್ನು ಬಾಯಿಗೆ ಹಾಕಿಕೊಂಡು, ನುಂಗಲಾಗದೆ ನಿಂತು ಅತ್ತಳು.