ಹೆಸರಿಲ್ಲದ ಜೋಕಾಲಿ

ಗಣಪಿಗೆ ಓದು ಬರುವುದಿಲ್ಲ. ಹಾಗಾಗಿ ಹೊನ್ನಾವರದ ನಮ್ಮ ಹೊಳೆಬದಿ ಕಾಲನಿಯ ಪಾರ್ಕನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ. ಉಳಿದವರೆಲ್ಲ ಅದನ್ನು ಓದುತ್ತೇವೆ. ಬೆಂಚಿನ ಬೆನ್ನ ಮೇಲೆ ಒಂದು ಹೆಸರು, ನೀರಿನ ಟಾಕಿಯ ಮೇಲೆ ಮೂರು ಹೆಸರು. ಟ್ಯೂಬ್‌ಲೈಟಿನ ಮೇಲೆ ‘ಕೊಡುಗೆ’ ಎಂದು ಎಷ್ಟು ದಪ್ಪಗೆ ಬರೆಸಿದ್ದಾರೆಂದರೆ ಬೆಳಕು ಹೊರಬರಲು ಜಾಗವೇ ಉಳಿದಿಲ್ಲ.

ಕಾಗಾಲದಲ್ಲಿ ಹುಟ್ಟಿ ಮದುವೆಯಾಗಿ ಇಲ್ಲಿಗೆ ಬಂದ ಗಣಪಿ ಹದಿನೆಂಟು ವರ್ಷದಿಂದ ಈ ಪಾರ್ಕ್ ಗುಡಿಸುತ್ತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉದುರಿದ ಎಲೆಗಳಿಗೆ ಬೈಯುತ್ತ, ವಾಕಿಂಗಿಗೆ ಬಂದವರ ಬಿಳಿ ಬೂಟಿನ ಮೇಲೆ ಬೇಕೆಂದೇ ಧೂಳು ಹಾರಿಸುತ್ತಾಳೆ. ಮಗಳು ಮೀನು ಮಾರಲು ಹೋಗುವುದರಿಂದ ಮೊಮ್ಮಗಳು ದೀಕ್ಷಾಳೂ ಶಾಲೆಯ ಹೊತ್ತಿನವರೆಗೆ ಜೊತೆಗಿರುತ್ತಾಳೆ. ಅಜ್ಜಿ ಗುಡಿಸಿ ಮುಗಿಸುವವರೆಗೆ ಅವಳಿಗೆ ಜೋಕಾಲಿ. ಕಳೆದ ಮಳೆಗಾಲದಲ್ಲಿ ಅದರ ಸರಪಳಿ ತುಕ್ಕು ಹಿಡಿದು ತುಂಡಾಯಿತು. ಅಂದಿನಿಂದ ಮಗು ದಿನಾ ಕೇಳುತ್ತದೆ, “ಅಜ್ಜಿ, ಜೋಕಾಲಿ ಯಾವತ್ತು?” ಅಜ್ಜಿ ದಿನಾ “ನಾಳೆ” ಎನ್ನುತ್ತಾಳೆ. ಯಾರಿಗೂ ಹೆದರದ ಹೆಂಗಸು ಆ ಒಂದು ಸುಳ್ಳು ಹೇಳುವಾಗ ಮಾತ್ರ ಮಗುವಿನ ಮುಖ ನೋಡದೆ ಗುಡಿಸುತ್ತಿದ್ದಳು.

ಅಷ್ಟರಲ್ಲಿ ನಮ್ಮ ಉದ್ಯಾನ ಸಮಿತಿಗೆ ಮಕ್ಕಳ ಆಟದ ಜಾಗವನ್ನು ಹೊಸದು ಮಾಡುವ ಹುಕಿ ಬಂತು. ಅಧ್ಯಕ್ಷರು ನಾಗಭೂಷಣ, ನಿವೃತ್ತ ಬ್ಯಾಂಕ್ ಮ್ಯಾನೇಜರು. ನಡಾವಳಿ ಬರೆಯುವವಳು ನಾನು, ನಿವೃತ್ತ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಜನಾಭಿಪ್ರಾಯ ಕೇಳದೆ ಒಂದು ಕಲ್ಲನ್ನೂ ಎತ್ತಬಾರದೆಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದೆವು. ಮಕ್ಕಳೆಲ್ಲ ಶಾಲೆಯಲ್ಲಿದ್ದರು, ಸಭೆ ಶಾಂತವಾಗಿ ನಡೆಯಿತು. ಒಬ್ಬರಿಗೆ ವಾಕಿಂಗ್ ಟ್ರ್ಯಾಕ್ ಬೇಕು, ಒಬ್ಬರಿಗೆ ಭಜನೆಗೆ ಕಟ್ಟೆ ಬೇಕು, ಮತ್ತೊಬ್ಬರಿಗೆ ಸೆಲ್ಫಿ ತೆಗೆಯಲು ಕಮಾನು ಬೇಕು. ಮದುವೆಯ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಯಿತು.

ಹಿಂದೆ ನಿಂತಿದ್ದ ಗಣಪಿ ಕಸಬರಿಗೆ ಎತ್ತಿದಳು. “ಮಕ್ಳಿಗೊಂದು ಜೋಕಾಲಿ ಹಾಕ್ರಾ. ಅವ್ಕೆ ಆಡೂಕೆ ಎಂತ ಉಂಟು ಇಲ್ಲಿ?”

“ಒಳ್ಳೇ ಸಲಹೆ. ಬರ್ಕಳ್ಳಿ ಅಕ್ಕೋರೆ,” ಎಂದರು ನಾಗಭೂಷಣ. ನಾನು ‘ಪರಿಶೀಲಿಸಲಾಗುವುದು’ ಎಂದು ಮುದ್ದಾಗಿ ಬರೆದೆ.

ಸಭೆ ಮುಗಿದ ಮೇಲೆ ಗಣಪಿ ನನ್ನನ್ನು ಹಿಡಿದಳು. “ಎಂತ ಬರದ್ರಿ ಅಕ್ಕೋರೆ?”

ಓದಿ ಹೇಳಿದೆ.

“ಅಂದ್ರೆ ಆತು ಅಂತ್ಲೋ, ಇಲ್ಲ ಅಂತ್ಲೋ?”

ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಾನು ಪುಸ್ತಕ ಚೀಲಕ್ಕೆ ಹಾಕಿಕೊಂಡೆ. ಕೆಮ್ಮಿ ಮನೆಗೆ ಬಂದೆ.

ಜೋಕಾಲಿಗೆ ದಾನಿಯೇ ಸಿಗಲಿಲ್ಲ. ಎರಡು ಸರಪಳಿ, ಒಂದು ಹಲಗೆ. ಹೆಸರು ಬರೆಸಲು ಜಾಗವೆಲ್ಲಿ? ಜಾರುಬಂಡಿಗೆ ಮಾತ್ರ ಸಿಕ್ಕರು. ಅಪ್ಸರಕೊಂಡದ ಹತ್ತಿರ ಹೋಮ್‌ಸ್ಟೇ ನಡೆಸುವ ಭಾಸ್ಕರ, ತೀರಿಹೋದ ತಂದೆ ಅಣ್ಣಪ್ಪನವರ ನೆನಪಿಗೆ ಅದನ್ನು ಕೊಟ್ಟರು. ಹೆಸರು ರಸ್ತೆಯವರೆಗೆ ಕಾಣಬೇಕೆಂಬುದೊಂದೇ ಷರತ್ತು. ಅದಕ್ಕಾಗಿ ಮಕ್ಕಳು ಜಾರುವ ತಗಡಿನ ಮೇಲೆಯೇ, ತುದಿಯಿಂದ ಬುಡದವರೆಗೆ, ಅಣ್ಣಪ್ಪನವರನ್ನು ಕೆಂಪಕ್ಷರದಲ್ಲಿ ಬರೆಸಲಾಯಿತು.

ಉದ್ಘಾಟನೆಯ ದಿನ ಎಂಟು ಭಾಷಣ, ಹನ್ನೆರಡು ಶಾಲು. ಕೊನೆಗೆ ಫೋಟೋಕ್ಕೆ ಒಂದು ಮಗು ಬೇಕಾಯಿತು. ದೀಕ್ಷಾ ಸರಸರ ಮೆಟ್ಟಿಲು ಹತ್ತಿ ಮೇಲೆ ಕೂತಳು. ಭಾಸ್ಕರ ಕಿರುಚಿದರು, “ಏ, ಇಳಿ ಇಳಿ! ನಮ್ಮಪ್ಪನ ಹೆಸ್ರಿನ ಮೇಲೆ ಕುಂಡೆ ಇಟ್ಕಂಡು ಜಾರ್ತ್ಯೇನೇ?”

ಅಯ್ಯೋ ದೇವರೇ! ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಇಷ್ಟು ಸಭೆ ನಡೆಸಿದರೂ ಒಬ್ಬರ ತಲೆಗೂ ಇದು ಹೋಗಿರಲಿಲ್ಲ. ಹೆಸರು ಅಳಿಸಿದರೆ ದಾನಿಗೆ ಸಿಟ್ಟು, ಮಕ್ಕಳು ಜಾರಿದರೆ ಪಿತೃಗಳಿಗೆ ಸಿಟ್ಟು. ನಿಂತಲ್ಲೇ ತೀರ್ಮಾನವಾಯಿತು: ಜಾರುಬಂಡಿಗೆ ಹೂವಿನ ಹಾರ ಹಾಕುವುದು, ಸುತ್ತ ದೋಣಿ ಕಟ್ಟುವ ದಪ್ಪ ಹಗ್ಗ ಬಿಗಿದು ಬಂದ್ ಮಾಡುವುದು. ಮಗು ಅಳುತ್ತ ಮೆಟ್ಟಿಲಿಂದಲೇ ಇಳಿಯಿತು. ನಾನು ನಡಾವಳಿ ಬರೆದೆ, ಒಂದು ತಪ್ಪೂ ಇಲ್ಲದೆ.

ಮರುದಿನ ಸಂಜೆ ಹೋಗಿ ನೋಡಿದರೆ ಜಾರುಬಂಡಿಯ ಸುತ್ತ ಹಗ್ಗವಿಲ್ಲ. ಅದು ಮೂಲೆಯ ಹುಣಸೆಮರದ ಕೊಂಬೆಯಲ್ಲಿತ್ತು. ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ದೀಕ್ಷಾ, ಹಿಂದೆ ನಿಂತು ತೂಗುತ್ತಿದ್ದ ಗಣಪಿ. ನಾಗಭೂಷಣ ಏದುಸಿರು ಬಿಡುತ್ತ ಬಂದರು.

“ಯಾರನ್ನ ಕೇಳಿ ಕಟ್ದೆ? ಜನಾಭಿಪ್ರಾಯ ಬೇಡ್ವನೇ?”

“ಕೇಳ್ದೆ ಅಧ್ಯಕ್ಷರೇ. ಹನ್ನೊಂದು ಜನ ಹೂಂ ಅಂದ್ರು. ಅಲ್ಲೇ ಸಾಲಲ್ಲಿ ನಿಂತವೆ ನೋಡಿ,” ಎಂದು ಗಣಪಿ ಮಕ್ಕಳತ್ತ ಗದ್ದ ಎತ್ತಿದಳು. “ಹೆಸ್ರೂ ಬರ್ಸ್ಲಿಲ್ಲ. ಕೂತ್ರೆ ಯಾರ ಅಪ್ಪಂಗೂ ಬೇಜಾರಿಲ್ಲ.”

ಅಧ್ಯಕ್ಷರು ನನ್ನತ್ತ ತಿರುಗಿದರು. “ಬರ್ಕಳ್ಳಿ ಅಕ್ಕೋರೆ. ಪರಿಶೀಲಿಸಲಾಗುವುದು.”

ಗಣಪಿ ತೂಗುವುದನ್ನು ನಿಲ್ಲಿಸಲಿಲ್ಲ, ನನ್ನ ಮುಖವನ್ನೇ ನೋಡಿದಳು. ನಾನು ಚೀಲದಿಂದ ಪುಸ್ತಕ ತೆಗೆದು ಬರೆದೆ: ‘ಜೋಕಾಲಿ: ಆತು.’